ಗಿರಿಜಕ್ಕನ ಹಸುವಿನ ಮೂರನೇ ಕರು

ಕೇಳಿ ಮಾರಾಯ್ರೆ, ಇವತ್ತು ಬೆಳಿಗ್ಗೆ ನಮ್ಮ ಆಸ್ಪತ್ರೆಯಲ್ಲಿ ನಡೆದದ್ದು. ಹೆರಿಗೆ ರಿಜಿಸ್ಟರ್ ಬರೆಯುವ ನರ್ಸ್ ನಾನು. ವಿವರವನ್ನು ಮನೆಯವರ ಬಾಯಿಂದಲೇ ಬರೆದುಕೊಳ್ಳುವುದು ಇಲ್ಲಿಯ ಕ್ರಮ. ಪುತ್ತಿಗೆಯ ಗಿರಿಜಕ್ಕನ ಸೊಸೆ ಹೆಣ್ಣುಮಗು ಹೆತ್ತಿದ್ದಳು. ಮಗ ಮಸ್ಕತ್‌ನಲ್ಲಿ. ಅವನಿಗೆ ತಂತಿ ಕೊಟ್ಟು ಬಂದ ಗಿರಿಜಕ್ಕ ನನ್ನೆದುರು ಕುಳಿತರು.

"ಸೊಸೆಗೆ ಎಷ್ಟನೇ ಹೆರಿಗೆ?"

"ಮೊದಲನೆಯದು ಸಿಸ್ಟರ್."

ಮಂಚದ ಮೇಲಿದ್ದ ಸೊಸೆ ಗೋಡೆಯ ಕಡೆ ತಿರುಗಿದಳು. ಎರಡು ವರ್ಷದ ಹಿಂದೆ, ಎಂಟು ತಿಂಗಳಾಗಿದ್ದಾಗ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತೆಂದು ನೋವಿನ ನಡುವೆ ಅವಳೇ ನನಗೆ ಹೇಳಿದ್ದಳು.

"ಹಾಗಾದರೆ ಎರಡು ವರ್ಷದ ಹಿಂದಿನದ್ದು?"

"ಅದೆಂತದು ಹೆರಿಗೆ? ತೊಟ್ಟಿಲಿಗೆ ಬಾರದ್ದನ್ನು ಲೆಕ್ಕಕ್ಕೆ ಹಿಡಿಯಲಿಕ್ಕುಂಟಾ?"

ಮುಂದಿನ ಹೆರಿಗೆ ಮಾಡಿಸುವ ಡಾಕ್ಟರು ನಂಬುವುದು ಈ ಪುಟವನ್ನೇ. ನಾನು ಬಿಡುವವಳಲ್ಲ. ಪೆನ್ನು ಕೆಳಗಿಟ್ಟೆ.

"ನಿಮ್ಮಲ್ಲಿ ಹಸು ಉಂಟಲ್ಲ, ಎಷ್ಟು ಕರು ಹಾಕಿತು?"

ಗಿರಿಜಕ್ಕನ ಮುಖ ಅರಳಿತು. "ಐದು. ಮೂರನೆಯದು ಹೊಟ್ಟೆಯಲ್ಲೇ ಸತ್ತದ್ದು, ದನದ ಡಾಕ್ಟರು ಬಂದು ತೆಗೆದದ್ದು. ನಾನು ಪ್ರತಿ ಸಲ ಅವರಿಗೆ ಅದನ್ನೇ ಮೊದಲು ಹೇಳುವುದು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು..."

ಸೊಸೆ ಈ ಕಡೆ ತಿರುಗಿದಳು. ಗಿರಿಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಎರಡನೆಯದು ಅಂತ ಬರೆಯಿರಿ" ಎಂದರು.

ಬರೆದೆ. ನಾಳೆಯಿಂದ ಯಾವ ಅತ್ತೆ ಬಂದು ಕುಳಿತರೂ ನನ್ನ ಮೊದಲ ಪ್ರಶ್ನೆ ಒಂದೇ: ಮನೆಯಲ್ಲಿ ಹಸು ಉಂಟಾ?