ಗವರ್ನರರ ಹೊಸಿಲಿಗೆ ಕುರಿ

ಏಡನ್ನಿನ ಬ್ರಿಟಿಷ್ ಗವರ್ನರರ ಬಂಗಲೆಯಲ್ಲಿ ತಖಿಯಾ ಬಟ್ಟೆ ಒಗೆಯುತ್ತಿದ್ದಳು. ಮೆರವಣಿಗೆಯಲ್ಲಿ ಕಲ್ಲೆಸೆದನೆಂದು ಅವಳ ಮಗ ಮುಖ್ಬಿಲ್‌ನನ್ನು ಜೈಲಿಗೆ ಹಾಕಿದ್ದರು. "ವಿಚಾರಿಸೋಣ" ಎಂದಿದ್ದ ಹಿಂದಿನ ದೊರೆ ಬಡ್ತಿ ಪಡೆದು ಯಾವುದೋ ದ್ವೀಪಕ್ಕೆ ಹೋದರು. ಹಾಗೇ ಎಂದಿದ್ದ ಈ ದೊರೆಯೂ ಇಂದು ಹಡಗು ಹತ್ತುವವರಿದ್ದರು.

ಅವಳು ತನ್ನ ಒಂದೇ ಕುರಿಯನ್ನು ಬಾಗಿಲಿಗೆ ಎಳೆತಂದಳು. ಹೊಸಿಲ ಮೇಲೆ ರಕ್ತ ಬಿದ್ದರೆ ಮನೆಯವನು ಬೇಡಿಕೆ ನಡೆಸಿಕೊಡಲೇಬೇಕು. ಅವಳ ಬೆಟ್ಟದವರ ಕಟ್ಟಳೆ ಅದು.

"ಚಿಕ್ಕಮ್ಮಾ, ಹುಚ್ಚು ಹಿಡೀತಾ?" ಎಂದ ಕಾವಲುಗಾರ ಅವದ್.

"ಹಲ್ಲು ಕಿರಿಯೋದು ಬಿಟ್ಟು ಕುರಿ ಕಾಲು ಹಿಡ್ಕೊಳೋ."

ಕುರಿ ಕುಯ್ದಾಗಲೇ ದೊರೆ ಹೊರಬಂದರು. ಬೀಳ್ಕೊಡುಗೆಯ ಔತಣವೆಂದುಕೊಂಡು, ಕಣ್ಣು ತುಂಬಿ ಅವಳ ಕೈ ಕುಲುಕಿ, ಇಂಗ್ಲಿಷಿನಲ್ಲಿ ಏನೋ ಹೇಳಿ ಕಾರು ಹತ್ತಿದರು.

"ಏನಂದ್ರೋ? ಬಿಡ್ತಾರಂತಾ?"

"ನಿಮ್ಮ ಪ್ರೀತಿ ಮರೆಯಲ್ಲ ಅಂದ್ರು."

"ನೀನಾದ್ರೂ ಹೇಳಬಾರದಿತ್ತಾ?"

"ಬಾಯಿ ಬರಲಿಲ್ಲ, ಚಿಕ್ಕಮ್ಮಾ."

ಸಂಜೆ ಹೊಸ ದೊರೆ ಬರುವವರಿದ್ದರು. ತಖಿಯಾ ನೀರು ತಂದು ಹೊಸಿಲು ತೊಳೆದಳು.