ಮನವಿಯಿಂದ ತೆಗೆದ ಸಾಲು

ನನ್ನ ಅಕ್ಷರ ದುಂಡಗಿದೆ ಎಂದು ಓಣಿಯವರು ಅರ್ಜಿ ಬರೆಸಿಕೊಳ್ಳಲು ನನ್ನ ಬಳಿಯೇ ಬರುತ್ತಾರೆ. ಕಾನ್ವೆಂಟಿನ ಸಿಸ್ಟರ್‌ಗಳು ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಅಕ್ಷರ ಅದು. ಕಳೆದ ತಿಂಗಳು ಎದುರುಮನೆಯ ಭತ್ತದ ವ್ಯಾಪಾರಿ ಬಂದು, ರೈಲಿನ ಮನವಿ ಬರೆದುಕೊಡಿ ಎಂದರು. ಸಿಂಧನೂರಿಗೆ ರೈಲು ಬಂದಿದೆ, ಹುಬ್ಬಳ್ಳಿ ಕಡೆ ಹೋಗುತ್ತದೆ. ರಾಯಚೂರಿನ ಕಡೆ ಹಳಿ ಇನ್ನೂ ಮುಗಿದಿಲ್ಲ. ಅದನ್ನು ಬೇಗ ಮುಗಿಸಿ, ಹೈದರಾಬಾದಿಗೆ ನೇರ ರೈಲು ಬಿಡಿ ಎಂಬುದು ಮನವಿ.

ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಅಕ್ಕಿ ಮಿಲ್ಲುಗಳಿಗೆ ಅನುಕೂಲ. ತಿರುಪತಿಗೆ ಹೋಗುವ ಭಕ್ತರಿಗೆ ಅನುಕೂಲ. ಮಸ್ಕಿ, ಲಿಂಗಸುಗೂರಿನ ವರ್ತಕರಿಗೂ ಅನುಕೂಲ. ಅವರು ಚಹಾ ಬಸಿಗೆ ಹೊಯ್ದುಕೊಳ್ಳುತ್ತಿದ್ದಾಗ ನಾನಾಗಿಯೇ ಒಂದು ಸಾಲು ಸೇರಿಸಿದೆ: ‘ಹೈದರಾಬಾದಿನ ಬಸ್ಸು ಹತ್ತುವ ನಮ್ಮ ಹೆಂಗಸರು, ದಾರಿಯಲ್ಲಿ ಮೂತ್ರಕ್ಕೆ ಹೋಗಲು ಜಾಗವಿಲ್ಲದ್ದರಿಂದ, ಹಿಂದಿನ ದಿನದಿಂದಲೇ ನೀರು ಕುಡಿಯುವುದಿಲ್ಲ.’

ಅದು ನಮ್ಮ ಮನೆಯದೇ ಮಾತು. ನಮ್ಮ ಅತ್ತೆಗೆ ಮೂತ್ರಪಿಂಡದಲ್ಲಿ ಕಲ್ಲು. ನೀರು ಕುಡಿಯಿರಿ, ಕುಡಿಯುತ್ತಲೇ ಇರಿ ಎನ್ನುತ್ತಾರೆ ಹೈದರಾಬಾದಿನ ಡಾಕ್ಟರು. ಆ ಮಾತು ಕೇಳಿಬರಲಿಕ್ಕೇ ಆಕೆ ಒಣನಾಲಿಗೆಯಲ್ಲಿ ತಾಸುಗಟ್ಟಲೆ ಬಸ್ಸಿನಲ್ಲಿ ಕೂರಬೇಕು. ಢಾಬಾದಲ್ಲಿ ಬಸ್ಸು ನಿಂತಾಗ ಗಂಡಸರು ಇಳಿದು ಗೋಡೆ ಕಡೆ ತಿರುಗುತ್ತಾರೆ. ನಾವು ಕಿಟಕಿಯ ಪರದೆ ಎಳೆದುಕೊಳ್ಳುತ್ತೇವೆ. ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ತುಟಿ ಕಚ್ಚಿ ಕೂತ ಆಕೆಯನ್ನು ನೋಡಿದ್ದೇನೆ.

ಎರಡು ದಿನ ಬಿಟ್ಟು ವ್ಯಾಪಾರಿ ಮನವಿಯನ್ನು ಟೈಪ್ ಮಾಡಿಸಿ ಸಹಿಗೆ ತಂದರು. ನನ್ನ ಸಾಲು ಇರಲಿಲ್ಲ. ಅದರ ಜಾಗದಲ್ಲಿ ‘ಮಹಿಳೆಯರಿಗೂ ಅನಾನುಕೂಲವಾಗಿದೆ’ ಎಂದಿತ್ತು.

“ಅಣ್ಣಾರ, ನಾ ಬರದದ್ದು ಎಲ್ಲಿ ಹೋತ್ರಿ?”

“ಏ, ಅಂಥಾದ್ದೆಲ್ಲ ದೊಡ್ಡ ಸಾಹೇಬ್ರಿಗೆ ಬರೀತಾರೇನ್ರಿ ಅಕ್ಕಾರ? ಮರ್ಯಾದಿ ಅಂತ ಒಂದು ಇರ್ತದ.”

“ಯಾರ ಮರ್ಯಾದಿ ರೀ?”

ನನ್ನ ದನಿ ನನಗೇ ಹೊಸದಾಗಿತ್ತು. ಇಷ್ಟು ವರ್ಷ ಎದುರುಮನೆಯವರ ಮುಂದೆ ನಾನು ತಲೆಯ ಸೆರಗು ಜಾರಗೊಟ್ಟವಳಲ್ಲ. ಅನಾನುಕೂಲವಂತೆ! ಕರೆಂಟು ಹೋದರೆ ಅನಾನುಕೂಲ, ನಲ್ಲಿ ತೊಟ್ಟಿಕ್ಕಿದರೆ ಅನಾನುಕೂಲ. ಹೊಟ್ಟೆಯೊಳಗೆ ಕಲ್ಲು ಬೆಳೆಯುವುದಕ್ಕೂ ಅದೇ ಮಾತೇ?

ಒಳಗಿನಿಂದ ಅತ್ತೆ ಬಂದರು. “ತಮ್ಮಾ, ಅಕ್ಕಿ ಚೀಲಕ್ಕ ಅರ್ಧ ಪುಟ ಬರಸೀದಿ. ನನಗ ಒಂದ್ ಸಾಲು ಹೆಚ್ಚಾತೇನು? ನಾಚಿಕಿ ನನಗಿಲ್ಲ, ನಿನಗ್ಯಾಕ? ಹೋಗಿ ನಿಮ್ಮವ್ವನ್ನ ಕೇಳು, ಆಕಿನೂ ಹಿಂಗ ಕುಂತು ಬಂದಾಳ.”

ನಾನು ಆ ‘ಅನಾನುಕೂಲ’ದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದು, ಮೇಲಿನ ಇಕ್ಕಟ್ಟಿನಲ್ಲಿ ನನ್ನ ಸಾಲನ್ನು ಮತ್ತೆ ಬರೆದೆ. ಪೆನ್ನು ಕಾಗದಕ್ಕೆ ತೂತು ಮಾಡಿತು.

“ಕಾಗದ ಕೆಟ್ಟೋತಲ್ರೀ ಅಕ್ಕಾರ.”

“ಕೆಡ್ಲಿ.”

ಅತ್ತೆ ಸಹಿಯ ಪಟ್ಟಿಯನ್ನು ಬಿಟ್ಟು, ಆ ಸಾಲಿನ ಪಕ್ಕದಲ್ಲೇ ಹೆಸರು ಬರೆದರು.

ಆ ಕಾಗದ ಹಾಗೇ ಹೋಯಿತೋ, ಮತ್ತೆ ಟೈಪಾಯಿತೋ ತಿಳಿಯದು. ವ್ಯಾಪಾರಿಯನ್ನು ಕೇಳಿದರೆ ‘ಕಳಿಸೀವ್ರಿ’ ಎಂದು ಸ್ಕೂಟರ್ ಚಾಲೂ ಮಾಡುತ್ತಾರೆ.

ಇವತ್ತು ಬೆಳಿಗ್ಗೆ ಮತ್ತೆ ಹೈದರಾಬಾದಿಗೆ ಹೊರಟೆವು. ಬಸ್ ನಿಲ್ದಾಣದ ಬೆಂಚಿನ ಮೇಲೆ ಬಾಟಲಿಯ ಮುಚ್ಚಳ ತೆಗೆದು ಅತ್ತೆಯ ಕೈಗೆ ಕೊಟ್ಟೆ. “ಕುಡೀಲೇಬೇಕ್ರಿ” ಎಂದೆ, ಸಿಟ್ಟಿನಿಂದಲೇ.

ಆಕೆ ಬಾಟಲಿ ನೋಡಿದರು, ನನ್ನನ್ನು ನೋಡಿದರು.

“ನೀ ಕುಡದೀಯೇನವಾ?”

ನಿನ್ನೆ ಮಧ್ಯಾಹ್ನದ ಊಟವಾದ ಮೇಲೆ ನಾನೂ ಒಂದು ಗುಟುಕು ಕುಡಿದಿರಲಿಲ್ಲ.