ಬೆನ್ನು ತಿರುಗಿಸಿ ಕೂತ ಚಿಕ್ಕಮಾವ

ತಾವು ಬರೆದದ್ದರ ಬಗ್ಗೆ ಯಾರಾದರೂ ಮಾತೆತ್ತಿದರೆ ಸಾಕು, ಬೊಮ್ಮಣ್ಣ ಚಿಕ್ಕಮಾವ ಕೂತಲ್ಲೇ ತಿರುಗಿ ಅವರಿಗೆ ಬೆನ್ನು ಕೊಡುತ್ತಿದ್ದರು. ಹೆಗಲ ಮೇಲಿನ ಟವಲು ಸರಿಮಾಡಿಕೊಂಡು, ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಗೋಡೆಯನ್ನೇ ನೋಡುತ್ತ ಕೂತುಬಿಡುತ್ತಿದ್ದರು. ಗೊತ್ತಿಲ್ಲದವರಿಗೆ ಅವಮಾನವಾಗುತ್ತಿತ್ತು. ಗೊತ್ತಿದ್ದವರು ಆ ಅಗಲವಾದ ಬೆನ್ನಿಗೆ ತಮ್ಮ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿ ಹೋಗುತ್ತಿದ್ದರು.

ನಾನು ಮದುವೆಯಾಗಿ ತಮಿಳು ಸೀಮೆಯ ಈ ಕಣಿವೆಯ ಗೂಡಲೂರಿಗೆ ಬಂದ ಹೊಸತರಲ್ಲಿ ಇದು ನನಗೂ ತಿಳಿದಿರಲಿಲ್ಲ. ಚಿಕ್ಕಮಾವ ಎಂದರೆ ನನ್ನ ಮಾವನವರ ತಮ್ಮ. ದಿಂಡಿಗಲ್ಲಿನ ಒಂದು ವಾರಪತ್ರಿಕೆಯಲ್ಲಿ ‘ಊರ್ ಸುತ್ತಿ’ ಎಂಬ ಹೆಸರಿಟ್ಟುಕೊಂಡು ತಮಿಳಿನಲ್ಲಿ ನಗೆಲೇಖನ ಬರೆಯುತ್ತಿದ್ದವರು ಇವರೇ ಎಂದು ಮದುವೆಯಾದ ಮೇಲೆ ಗೊತ್ತಾಗಿತ್ತು. ನಾನು ದಿಂಡಿಗಲ್ಲಿನವಳು. ಸಿಸ್ಟರುಗಳ ಶಾಲೆಯಲ್ಲಿ ಓದುವಾಗ ಆ ಪತ್ರಿಕೆಯನ್ನು ಹೊಲಿಗೆಯ ಬುಟ್ಟಿಯಲ್ಲಿ ಬಚ್ಚಿಟ್ಟುಕೊಂಡು ಓದಿದ್ದೆ. ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದಾಗ ಧೈರ್ಯ ಮಾಡಿ, “ಮಾವ, ನೀವು ಬರೆದದ್ದನ್ನ ನಾನು ಓದಿದ್ದೀನಿ” ಅಂದೆ. ಅವರು ಲೋಟ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿಬಿಟ್ಟರು. ಕೋಪ ಬಂತೇನೋ ಎಂದು ನಾನು ಹಿಂದೆ ಸರಿದೆ.

“ಹೋಗಬ್ಯಾಡ ಕಣವ್ವಾ, ಯೋಳು. ಮುಕ ನೋಡ್ತಾ ಇದ್ರೆ ಮನುಸ ಸುಳ್ಳು ಯೋಳ್ತಾನೆ. ಬೆನ್ನಿಗೆ ಯಾರು ಸುಳ್ಳು ಯೋಳ್ತಾರೆ?”

“ಚೆನ್ನಾಗಿತ್ತು ಮಾವ.”

“ಅದು ಮುಕಕ್ಕೆ ಯೋಳೋ ಮಾತು. ಪರವಾಯಿಲ್ಲ, ನಿನ್ನ ಮಾತು ಬಾಕಿ ಇರ್ಲಿ. ನಿಧಾನಕ್ಕೆ ಕೊಡು.”

ಎತ್ತರದ ಮನುಷ್ಯ, ಮೂಗಿನ ತುದಿ ಸದಾ ಕೆಂಪು. ನಗಿಸುತ್ತಿದ್ದರೇ ಹೊರತು ತಾವು ನಗುತ್ತಿರಲಿಲ್ಲ. ಅಮ್ಮೆಯನಾಯಕನೂರಿನ ರೈಲು ನಿಲ್ದಾಣಕ್ಕೆ ಎತ್ತಿನ ಗಾಡಿಯಲ್ಲಿ ಹೋಗುವುದು, ಬೆಟ್ಟದ ಮೇಲೆ ಕಟ್ಟುತ್ತಿದ್ದ ಅಣೆಕಟ್ಟಿಗೆ ಸುಣ್ಣ ಹೇರಿಕೊಂಡು ಹೋಗುವ ಗಾಡಿಯವರ ಜಗಳ, ಬೀಗರೂಟದಲ್ಲಿ ಹಪ್ಪಳಕ್ಕಾಗಿ ಮುನಿಸಿಕೊಂಡ ಹಿರಿಯರು, ಎಲ್ಲವೂ ಅವರ ಲೇಖನಗಳಲ್ಲಿ ಬರುತ್ತಿದ್ದವು. ಬರೆಯುವಾಗ ಬಾಯಲ್ಲಿ ಒಣಗಿದ ನೆಲ್ಲಿಕಾಯಿ ಇಟ್ಟುಕೊಳ್ಳುತ್ತಿದ್ದರು. ಅದು ಕರಗುವ ಹೊತ್ತಿಗೆ ಲೇಖನ ಮುಗಿಯಬೇಕು. ಮುಗಿಯದಿದ್ದರೆ ಅದು ಉದ್ದವಾಯಿತೆಂದು ಲೆಕ್ಕ.

ಅಂಥವರು ಕಾದಂಬರಿಗೆ ಕೈಹಾಕಿದಾಗ ಚಿಕ್ಕತ್ತೆ, “ಈ ಸಲ ಅದೆಷ್ಟು ನೆಲ್ಲಿಕಾಯಿ ಬೇಕೋ” ಅಂದರು.

ಕಾದಂಬರಿಯ ಹೆಸರನ್ನು ನಮ್ಮ ಮಾತಿನಲ್ಲಿ ‘ಕೆಚ್ಚಲ ಕಳವು’ ಅನ್ನಬಹುದು. ಕಳ್ಳತನದ ಕಥೆ, ಆದರೆ ಪುಟಪುಟಕ್ಕೂ ನಗು. ಅದು ತಿಳಿಯಬೇಕಾದರೆ ನಮ್ಮ ಕುಲದವರ ದೇವರ ಹಿಂಡಿನ ವಿಷಯ ಹೇಳಬೇಕು. ಹಿಂದೆಂದೋ ಕನ್ನಡ ಸೀಮೆಯಿಂದ ಈ ಕಣಿವೆಗೆ ಬರುವಾಗ ನಮ್ಮ ಹಿರಿಯರು ದನಗಳನ್ನು ಹೊಡೆದುಕೊಂಡು ಬಂದರಂತೆ. ಅವುಗಳ ಸಂತತಿ ಊರಾಚೆಯ ದೊಡ್ಡಿಯಲ್ಲಿದೆ. ಆ ಹಸುಗಳ ಹಾಲು ಕರೆಯುವಂತಿಲ್ಲ, ಮಾರುವಂತಿಲ್ಲ. ಹಾಲೆಲ್ಲ ಕರುವಿಗೆ. ಹಿಂಡಿಗೆ ಒಂದು ಪಟ್ಟದ ಹೋರಿ. ಹಳೆಯದು ತೀರಿಕೊಂಡರೆ ದನಗಳ ಮುಂದೆ ಕಬ್ಬು ಇಡುತ್ತಾರೆ, ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ. ಅದು ಎದುರು ಬಂದರೆ ನಾವೆಲ್ಲ ಕೈಮುಗಿದು ಕಣ್ಣು ಮುಚ್ಚಿಕೊಳ್ಳುತ್ತೇವೆ.

ಕಾದಂಬರಿಯಲ್ಲಿ ಆ ಹಿಂಡಿನ ಒಂದು ಕೆಂಪು ಹಸುವಿನ ಕೆಚ್ಚಲು ದಿನವೂ ಬತ್ತಿರುತ್ತದೆ. ಕರು ಸೊರಗುತ್ತದೆ. ದೇವರ ಹಾಲು ಕದ್ದವರು ಯಾರು ಎಂದು ಊರಿನಲ್ಲಿ ಒಬ್ಬರ ಮೇಲೊಬ್ಬರಿಗೆ ಸಂಶಯ. ಬೇರೆ ಊರಿಂದ ಒಬ್ಬ ಪೊಲೀಸ್ ಏಟ್ಟಯ್ಯ ಬರುತ್ತಾನೆ. ಏಟ್ಟಯ್ಯ ಎಂದರೆ ಹೆಡ್ ಕಾನ್‌ಸ್ಟೇಬಲ್.

ಪುಸ್ತಕ ಅಚ್ಚಾಗಿ ಬಂದ ಮೇಲೆ ಚಿಕ್ಕಮಾವ ಒಮ್ಮೆಯೂ ಅದನ್ನು ತೆರೆಯಲಿಲ್ಲ. ಓದಿದವರನ್ನು ಹುಡುಕಿಕೊಂಡು ಹೋಗಿ ಬೆನ್ನು ತಿರುಗಿಸಿ ಕೂತರು. ಬೀಗಕ್ಕೇ ಹೆಸರಾದ ದಿಂಡಿಗಲ್ಲಿನಲ್ಲಿ ಬೀಗ ಮಾಡುವ ಒಬ್ಬ ಆಸಾರಿ, “ಕಳ್ಳತನದ ಕಥೆ ಅಂತೀರ, ಒಂದು ಬೀಗವೂ ಇಲ್ಲ. ನಮ್ಮೂರಿಗೇ ಅವಮಾನ” ಅಂದನಂತೆ. ನಿಲಕ್ಕೋಟ್ಟೈಯ ಅಂಚೆ ಮಾಸ್ತರು, “ಕೊಲೆ ಆಗುತ್ತೆ ಅಂತ ಕಡೇ ಪುಟದ ತನಕ ಕಾದೆ. ಆಗಲೇ ಇಲ್ಲ. ಹಾಲಿಗೆ ಯಾಕಯ್ಯಾ ಪೊಲೀಸು?” ಎಂದು ಬೇಜಾರು ಮಾಡಿಕೊಂಡರು. ಅದೇ ಊರಿನಲ್ಲಿ ಮಲ್ಲಿಗೆ ಕಟ್ಟುವ ಹೆಂಗಸೊಬ್ಬಳು, ಯಾರೋ ಓದಿದ್ದನ್ನು ಕೇಳುತ್ತ ನಕ್ಕು ನಕ್ಕು ಮೊಳ ಅಳೆಯುವುದನ್ನೇ ಮರೆತಳಂತೆ. ನನಗೆ ಕನ್ನಡ ಅಕ್ಷರ ಕಲಿಸಿದ ಮಂಗಳೂರು ಕಡೆಯ ಸಿಸ್ಟರಿಗೂ ಒಂದು ಪ್ರತಿ ಕಳಿಸಿದ್ದೆ. “ಕಥೆ ಒಳ್ಳೆಯದೇ, ಆದರೆ ಜನ ಇಷ್ಟೊಂದು ಬೈಯಬೇಕೇ?” ಎಂದು ಕೇಳಿ ಕಳಿಸಿದರು. ಚಿಕ್ಕತ್ತೆ ಮಾತ್ರ ಆ ಬೆನ್ನಿಗೆ ಬೆರಳಿಂದ ತಿವಿದು, “ನನ್ನ ಬೈಗುಳ ಎಲ್ಲಾ ಆ ಕೋಳಿ ಮಾರೋಳ ಬಾಯಿಗೆ ಹಾಕಿದ್ದೀರಲ್ಲ, ನನ್ನ ಕೇಳಿದ್ರಾ?” ಅಂದರು. ಚಿಕ್ಕಮಾವ ಎಲ್ಲವನ್ನೂ ಸಮಾನವಾಗಿ ಸ್ವೀಕರಿಸಿದರು. ಬೈದವರ ಮನೆಯಲ್ಲೂ ಊಟ ಮಾಡಿಕೊಂಡೇ ಬಂದರು.

ಆದರೆ ನಮ್ಮವರ ಅಭಿಪ್ರಾಯ ಬೇರೆ ದಾರಿಯಲ್ಲಿ ಬಂತು. ಪುಸ್ತಕ ಓದದೆ, ಓದಿದವರು ಹೇಳಿದ್ದನ್ನಷ್ಟೇ ಕೇಳಿದವರಿಂದ. ‘ಬೊಮ್ಮಣ್ಣ ದೇವರ ಹಿಂಡನ್ನ ನಗೆಪಾಟಲು ಮಾಡಿದ್ದಾನೆ, ನಮ್ಮವರನ್ನ ಹಾಲುಗಳ್ಳರು ಅಂತ ಪರವೂರಿನವರಿಗೆ ತೋರಿಸಿದ್ದಾನೆ’ ಎಂದು ಬಾಯಿಂದ ಬಾಯಿಗೆ ಹೋಯಿತು. ನಮ್ಮ ಕುಲದ ಯಜಮಾನರು ಕೆಂಚೇಗೌಡರು. ಅವರು ದೊಡ್ಡಿಯ ಬಳಿ ಕೂಟ ಕರೆದರು. ತಪ್ಪು ಎಂದು ತೀರ್ಮಾನವಾದರೆ ಚಿಕ್ಕಮಾವ ಮತ್ತೆಂದೂ ದೊಡ್ಡಿಯೊಳಗೆ ಕಾಲಿಡುವಂತಿಲ್ಲ. ದಿಂಡಿಗಲ್ಲಿನವರಿಗೆ ಇದು ಸಣ್ಣ ಶಿಕ್ಷೆ ಅನ್ನಿಸಬಹುದು. ಚಿಕ್ಕಮಾವ ಪ್ರತಿ ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲು ದೊಡ್ಡಿಗೆ ಹೋಗಿ ಪ್ರತಿಯೊಂದು ದನದ ಹಣೆ ಮುಟ್ಟಿ ಬರುತ್ತಿದ್ದ ಮನುಷ್ಯ. ಆ ವಾರ ಅವರ ಬಾಯಲ್ಲಿ ನೆಲ್ಲಿಕಾಯಿ ಇರಲಿಲ್ಲ.

ಕೂಟದ ದಿನ ಬಿಸಿಲು ಇನ್ನೂ ಏರಿರಲಿಲ್ಲ. ಗಂಡಸರು ಬೇವಿನ ನೆರಳಲ್ಲಿ, ಹೆಂಗಸರು ಬೇಲಿಯ ಪಕ್ಕ. ಚಿಕ್ಕಮಾವ ಬಂದವರೇ ಕೈಮುಗಿದು, ಸಭೆಗೆ ಬೆನ್ನು ಹಾಕಿ ದನಗಳ ಕಡೆ ಮುಖ ಮಾಡಿ ಕೂತರು. ಒಂದು ಗೊಣಗು ಎದ್ದಿತು.

“ಏನ್ಲಾ ಬೊಮ್ಮಾ, ಕೂಟಕ್ಕೆ ಬೆನ್ನು ಕೊಡ್ತೀಯಾ?” ಕೆಂಚೇಗೌಡರು ಕೇಳಿದರು.

“ಮುಂದೆ ಕೂತ್ರೆ ನನ್ನ ಮುಕ ನೋಡಿ ನಿಮಗೆ ಪಾಪ ಅನ್ನಿಸ್ತದೆ, ಇಲ್ಲಾ ಕೋಪ ಬತ್ತದೆ. ಎರಡೂ ಬ್ಯಾಡ ಅಯ್ಯಾ. ಬುಕ್ಕು ಓದಿಸಿ ಕೇಳಿ. ಆಮೇಲೆ ಏನ್ ಯೋಳಿದ್ರೂ ಸರಿ.”

“ಆಮಾ, ಹೂಂ, ಓದ್ಲಿ. ಆದ್ರೆ ನೀನು ಓದಬ್ಯಾಡ. ಉಪ್ಪು ಖಾರ ಹಾಕ್ತೀಯ.”

ಹೊರಗಿನವರು ಕೂಟಕ್ಕೆ ಬರುವಂತಿಲ್ಲ, ನಮ್ಮಲ್ಲಿ ಓದು ಬಲ್ಲವರು ಕಡಿಮೆ. ನಮ್ಮ ಗಂಡಸರಲ್ಲಿ ಒಬ್ಬರು ಓದಲು ನಿಂತು, ಮೊದಲ ವಾಕ್ಯದಲ್ಲೇ ಮೂರು ಸಲ ಎಡವಿ ಬೆವರು ಒರೆಸಿಕೊಂಡರು. ಆಗ ಚಿಕ್ಕತ್ತೆ ಬೇಲಿಯ ಬಳಿಯಿಂದಲೇ, “ನಮ್ಮ ಸೊಸೆ ಸಿಸ್ಟರುಗಳ ಹತ್ರ ಓದಿದ್ದಾಳೆ. ನೀರು ಕುಡಿದ ಹಂಗೆ ಓದ್ತಾಳೆ” ಅಂದರು. ಯಜಮಾನರು ಸ್ವಲ್ಪ ಯೋಚಿಸಿ, “ಓದವ್ವ. ಜೋರಾಗಿ ಓದು, ನನಗೆ ಒಂದು ಕಿವಿ ಮಂದ” ಅಂದರು. ನಾನು ಸೆರಗು ಸರಿಮಾಡಿಕೊಂಡು ಬೇಲಿಗೆ ಒರಗಿ ನಿಂತೆ.

ಮೊದಲ ಎರಡು ಅಧ್ಯಾಯ ಯಾರೂ ಮಿಸುಕಲಿಲ್ಲ. ಮೂರನೆಯದರಲ್ಲಿ ಏಟ್ಟಯ್ಯ ದೂರು ಬರೆದುಕೊಳ್ಳಲು ಕೂರುತ್ತಾನೆ. ‘ಹಾಲು ಎಷ್ಟು ಕಳುವಾಗಿದೆ?’ ಎಂದು ಕೇಳುತ್ತಾನೆ. ಊರವರು ಮುಖ ಮುಖ ನೋಡಿಕೊಳ್ಳುತ್ತಾರೆ. ‘ಹಸು ದಿನಕ್ಕೆ ಎಷ್ಟು ಕೊಡುತ್ತೆ, ಅದಾದರೂ ಹೇಳಿ.’ ‘ಕರೆದಿದ್ರೆ ತಾನೆ ಸ್ವಾಮಿ ಗೊತ್ತಿರೋದು?’ ‘ಎಷ್ಟಿತ್ತು ಅಂತಲೇ ಗೊತ್ತಿಲ್ಲದ್ದು ಹೋಯ್ತು ಅಂತ ಹೇಗಯ್ಯಾ ಬರೆಯಲಿ?’

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದರು. ಪಕ್ಕದವರೂ ಕೆಮ್ಮಿದರು. ಸ್ವಲ್ಪ ಹೊತ್ತಿನಲ್ಲಿ ಬೇವಿನ ಕೆಳಗಿದ್ದವರಿಗೆಲ್ಲ ಕೆಮ್ಮು ಹತ್ತಿತು. ಬೇಲಿಯ ಪಕ್ಕದ ಹೆಂಗಸರಿಗೆ ಅಷ್ಟು ಸಂಕೋಚವಿರಲಿಲ್ಲ, ನಕ್ಕೇಬಿಟ್ಟರು. ನಾನು ಚಿಕ್ಕಮಾವನ ಬೆನ್ನು ನೋಡಿದೆ. ಕಿವಿಯ ಹಾಲೆ ಹಿಡಿದ ಬೆರಳು ಸಡಿಲವಾಗಿತ್ತು.

ಆಮೇಲೆ ಅದು ಕೂಟವಾಗಿ ಉಳಿಯಲಿಲ್ಲ. “ಕಳ್ಳ ಆ ದೊಡ್ಡಿ ಕಾಯೋನೇ” ಎಂದು ಒಬ್ಬರು. “ಅವನಲ್ಲ, ಅವನಿಗೆ ಹಾಲು ಕಂಡ್ರಾಗಲ್ಲ ಅಂತ ಓದಿದ್ಳಲ್ಲ, ಕಿವಿ ಎಲ್ಲಿಟ್ಟಿದ್ದೆ?” ಎಂದು ಇನ್ನೊಬ್ಬರು. “ಕೋಳಿ ಮಾರೋಳು” ಎಂದು ಯಾರೋ ಹೇಳಿದ್ದಕ್ಕೆ ಚಿಕ್ಕತ್ತೆ ಸಿಟ್ಟಾದರು. ಬಿಸಿಲು ನೆತ್ತಿಗೆ ಬಂತು. ಊಟದ ಮಾತು ಯಾರೂ ಎತ್ತಲಿಲ್ಲ.

ಕಡೆಯ ಅಧ್ಯಾಯಕ್ಕೆ ಮುಂಚೆ ಏಟ್ಟಯ್ಯ ಊರವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾನೆ: ‘ಹಸು ಮೇದು ಬರುವ ಹೊತ್ತಿನಲ್ಲಿ ನೀನು ಏನು ಕಂಡೆ?’ ಒಬ್ಬ ಹೇಳುತ್ತಾನೆ, ‘ಹಸು ಬಂತು, ಅದರ ಹಿಂದೆ ಪಟ್ಟದ ಹೋರಿ ಬಂತು, ಕೈಮುಗಿದೆ.’ ಇನ್ನೊಬ್ಬನೂ ಅದನ್ನೇ ಹೇಳುತ್ತಾನೆ. ಮತ್ತೊಬ್ಬಳೂ ಅದನ್ನೇ.

“ನಿಲ್ಲಿಸವ್ವ,” ಎಂದರು ಕೆಂಚೇಗೌಡರು.

ನಾನು ನಿಲ್ಲಿಸಿದೆ. ಹೋಯಿತು, ಪಟ್ಟದ ಹೋರಿಯ ಹೆಸರು ಬಂದಿದ್ದಕ್ಕೆ ತಪ್ಪು ಹಿಡಿದರು ಎಂದುಕೊಂಡು ಪುಟದಲ್ಲಿ ಬೆರಳಿಟ್ಟು ಪುಸ್ತಕ ಮುಚ್ಚಿದೆ. ಯಜಮಾನರು ಕೋಲು ಊರಿಕೊಂಡು ಎದ್ದರು. ದೊಡ್ಡಿಯ ಕಡೆ ನೋಡಿದರು.

“ಹೋರಿ ಬಂದಾಗ ನಾವು ಏನ್ ಮಾಡ್ತೀವಿ?” ಎಂದು ಸಭೆಯನ್ನು ಕೇಳಿದರು.

“ಕೈ ಮುಗೀತೀವಿ.”

“ಆಮೇಲೆ?”

“ಕಣ್ಣು ಮುಚ್ಕೋತೀವಿ.”

“ಎಲ್ರೂ ಮುಚ್ಕೊಂಡ್ರೆ ನೋಡೋರು ಯಾರು? ಆ ಹೋರಿ ಯಾರ ಮಗ? ಆ ಹಸುವಿಂದೇ ಅಂತ ಮೊದಲೇ ಓದಿದ್ಳಲ್ವಾ? ಮೊನ್ನೆ ಮೊನ್ನೆ ಪಟ್ಟಕ್ಕೆ ಬಂದ ಕೂಸು. ಅಮ್ಮನ ಹಾಲು ಬಿಟ್ಟಿಲ್ಲ. ಕುಡೀತಾ ಐತೆ.”

ಯಜಮಾನರು ನ್ಯಾಯ ಹೇಳುವ ತಮ್ಮ ನಿಧಾನದ ದನಿಯಲ್ಲೇ ಮುಂದುವರಿಸಿದರು. “ದೇವರ ಹಾಲು ಕರುವಿಗೆ ಅಂತ ಹಿರಿಯರು ಯೋಳವ್ರೆ. ಕರು ಇಷ್ಟೇ ಗಾತ್ರ ಇರ್ಬೇಕು ಅಂತ ಯೋಳಿಲ್ಲ. ಇದರಲ್ಲಿ ಕಳ್ಳನೂ ಇಲ್ಲ, ಕಳವೂ ಇಲ್ಲ. ಆದ್ರೆ ಹೋರಿಯ ತಮ್ಮ, ಆ ಎಳೆಗರು, ಸೊರಗಬಾರ್ದು. ಆ ಹಸುನ ಬೇರೆ ಕಡೆ ಕೂಡಿ. ಮುಗೀತು. ಈಗ ಓದವ್ವ.”

ನಾನು ಕಡೆಯ ಅಧ್ಯಾಯ ತೆರೆದೆ. ಅದರಲ್ಲಿ ಊರಿನ ಯಜಮಾನ ಎದ್ದು ನಿಂತು ನ್ಯಾಯ ಹೇಳುತ್ತಾನೆ: ‘ಹಾಲು ಕರುವಿಗೆ. ಕರುವಿನ ಗಾತ್ರವನ್ನು ಹಿರಿಯರು ಹೇಳಿಲ್ಲ. ಹಸುವನ್ನು ಬೇರೆ ಕೂಡಿಹಾಕಿ.’

ಆ ಮಾತು ಓದಿ ಮುಗಿಸುವಷ್ಟರಲ್ಲಿ ಬೇವಿನ ಕೆಳಗೆ ಎದ್ದ ಕೂಗಿಗೆ ದೊಡ್ಡಿಯ ದನಗಳೆಲ್ಲ ತಲೆಯೆತ್ತಿ ನೋಡಿದವು. ಗಂಡಸರು ತೊಡೆ ತಟ್ಟಿಕೊಂಡು ನಕ್ಕರು. ಕೆಂಚೇಗೌಡರು ಬಾಯಿ ತೆರೆದುಕೊಂಡೇ ನಿಂತಿದ್ದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

“ಲೇ ಬೊಮ್ಮಾ, ನಾನು ಇವತ್ತು ಯೋಳೋ ನ್ಯಾಯ ಹೋದ ವರ್ಷವೇ ಅಚ್ಚು ಹಾಕಿಸಿದ್ಯಾ?”

“ನೀವು ಬ್ಯಾರೆ ಥರ ಯೋಳಲ್ಲ ಅಂತ ಗೊತ್ತಿತ್ತು ಅಯ್ಯಾ,” ಎಂದಿತು ಬೆನ್ನು.

“ಹಂಗಾದ್ರೆ ಒಂದು ತಪ್ಪು ಐತೆ. ಬುಕ್ಕಿನ ಯಜಮಾನಂಗೆ ಹಲ್ಲೇ ಇಲ್ಲ ಅಂತ ಬರ್ದಿದ್ದೀಯ. ನನಗೆ ಮುಂದಿನವು ಗಟ್ಟಿಯಾಗೇ ಅವೆ. ಈ ಕಡೆ ತಿರುಗು, ತೋರಿಸ್ತೀನಿ.”

ಚಿಕ್ಕಮಾವ ತಿರುಗಲಿಲ್ಲ. ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ಬಹಳ ಹೊತ್ತು. ಕೆಂಚೇಗೌಡರೇ ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟು, ದೊಡ್ಡಿಯ ಬಾಗಿಲು ತೆಗೆದು, ಜೊತೆಯಲ್ಲೇ ಒಳಗೆ ಕರೆದುಕೊಂಡು ಹೋದರು.

ಆ ಮೇಲೆ ಕೆಚ್ಚಲ ಕಳವು ಕಣಿವೆಯನ್ನೆಲ್ಲ ಸುತ್ತಿತು. ಗಾಡಿಯವರು ಅಣೆಕಟ್ಟಿನ ದಾರಿಯಲ್ಲಿ ಅದನ್ನು ಹೇಳಿಕೊಂಡು ಹೋದರು. ಯಾವ ಮನೆಯಲ್ಲಿ ಬೆಣ್ಣೆ ಕಾಣದಾದರೂ ‘ಎಷ್ಟಿತ್ತು ಅಂತ ಗೊತ್ತಾ?’ ಎಂದು ಕೇಳುವುದು ರೂಢಿಯಾಯಿತು. ನಮ್ಮ ಕಡೆ ಪುಸ್ತಕವೆಂದರೆ ಕೇಳುವ ವಸ್ತು. ಹಾಗಾಗಿ ಮದುವೆಮನೆ, ಬಾಣಂತಿಯ ಕೋಣೆ, ಎಲ್ಲ ಕಡೆಗೂ ಓದಲು ನನ್ನನ್ನೇ ಕರೆಯುತ್ತಿದ್ದರು. ಮುಂದೆ ಪಟ್ಟದ ಹೋರಿಯನ್ನು ಆರಿಸುವ ದಿನ ಬಂದಾಗ ಕೆಂಚೇಗೌಡರು ಕಬ್ಬಿನ ಹೊರೆಯನ್ನು ಚಿಕ್ಕಮಾವನ ತೋಳಿಗೇ ಕೊಟ್ಟರು.

ನಾನು ಅವರನ್ನು ಕಡೆಯದಾಗಿ ನೋಡಿದಾಗ ಅವರು ಒಳಕೋಣೆಯ ಮಂಚದ ಮೇಲೆ ಮಲಗಿದ್ದರು. ಬೆನ್ನು ಸಣ್ಣದಾಗಿತ್ತು. ಗಂಜಿ ತಂದಿಟ್ಟೆ. ಅವರು ಮೆಲ್ಲಗೆ ಗೋಡೆಯ ಕಡೆ ಹೊರಳಿದರು.

“ಎಲ್ರೂ ಯೋಳಿದ್ರು. ನಿನ್ನ ಮಾತು ಬಾಕಿ ಐತಲ್ಲವ್ವಾ. ಈಗ ಕೊಡು.”

ನಾನು ಗಂಜಿಯ ಮೇಲಿನ ಕೆನೆಯನ್ನು ಚಮಚದಿಂದ ಸರಿಸುತ್ತ ಹೇಳಿದೆ. “ಮಾವ, ಕಡೇ ಅಧ್ಯಾಯದಲ್ಲಿ ಆ ಹಸು ಕೆಂಪು. ಮೂರನೇ ಅಧ್ಯಾಯದಲ್ಲಿ ಬಿಳಿ ಅಂತ ಬರೆದಿದ್ದೀರ. ಹೊರಗಿನವರು ಓದುವಾಗ ಹಾಲಿನ ಮೇಲೇ ಕಣ್ಣಿಟ್ಟರು, ಬಣ್ಣ ನೋಡಲಿಲ್ಲ. ನಮ್ಮವರಾದರೆ ಕೇಳಿದ ಕೂಡಲೇ ಹಿಡಿದುಬಿಡುತ್ತಿದ್ದರು. ಅದಕ್ಕೆ ದೊಡ್ಡಿಯ ಹತ್ತಿರ ಓದುವಾಗ ಎರಡೂ ಕಡೆ ಕೆಂಪು ಅಂದೆ. ಆಮೇಲೂ ಹಾಗೇ ಓದಿಕೊಂಡು ಬಂದೆ.”

ಮಂಚ ಅಲುಗಾಡಿತು. ಸಂಕಟವೇನೋ ಎಂದು ಬಗ್ಗಿದೆ. ಚಿಕ್ಕಮಾವ ನನ್ನ ಕಡೆಗೆ ಹೊರಳಿದರು. ಅವರು ನಗುತ್ತಿದ್ದರು. ಓದಿದವರೊಬ್ಬರ ಮುಖಕ್ಕೆ ಮುಖ ಕೊಟ್ಟು, ಕಣ್ಣಲ್ಲಿ ನೀರು ಬರುವಂತೆ.

“ಅವತ್ತು ಬಿಳಿ ಅಂದಿದ್ರೆ ಕೆಂಚೇಗೌಡ್ರು ನನ್ನ ಆಚೆಗೆ ಹಾಕ್ತಿದ್ರು ಕಣವ್ವಾ. ಹಾಲಿಗಲ್ಲ. ದನದ ಬಣ್ಣ ಮರೆತೋನು ಅಂತ.”

ಅವರು ಹೋಗಿ ಬಹಳ ಕಾಲವಾಯಿತು. ಈಗಲೂ ಓದಲು ಕರೆಯುತ್ತಾರೆ, ಹೋಗುತ್ತೇನೆ. ಮೂರನೆಯ ಅಧ್ಯಾಯ ಬಂದಾಗ ನನ್ನ ಬೆರಳು ಆ ಸಾಲಿನ ಮೇಲೆ ಸ್ವಲ್ಪ ನಿಲ್ಲುತ್ತದೆ. ಪುಸ್ತಕದಲ್ಲಿ ಆ ಹಸು ಇನ್ನೂ ಬಿಳಿಯಾಗಿಯೇ ಇದೆ. ಕಣಿವೆಯಲ್ಲಿ ಕೆಂಪು.